ಸುಣ್ಣದ ತಿಳಿನೀರಿನ ಪಾಠದ ಉತ್ತರಾರ್ಧ

ಪ್ರೌಢಶಾಲೆಯ ಮೆಟ್ಟಿಲು ಹತ್ತಿದವರೆಲ್ಲರೂ ಬಲ್ಲ ಪ್ರಯೋಗವೊಂದಿದೆ. ಸುಣ್ಣವನ್ನು ನೀರಿನಲ್ಲಿ ಕದಡಿ, ಒಂದು ರಾತ್ರಿ ಅಲುಗಿಸದೆ ಬಿಟ್ಟು, ಮೇಲೆ ನಿಂತ ತಿಳಿಯನ್ನಷ್ಟೇ ಪ್ರನಾಳದಲ್ಲಿ ತೆಗೆದುಕೊಂಡು, ಕೊಳವೆಯ ಮೂಲಕ ಅದರೊಳಗೆ ಉಸಿರನ್ನು ಊದುತ್ತೇವೆ. ತಿಳಿನೀರು ಹಾಲಿನಂತೆ ಬೆಳ್ಳಗಾಗುತ್ತದೆ. ನಾವು ಹೊರಬಿಡುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಇದೆಯೆಂಬುದು ಸಿದ್ಧವಾಯಿತೆಂದು ಕರಿಹಲಗೆಯ ಮೇಲೆ ಬರೆದು ಅಧ್ಯಾಪಕರು ಪಾಠ ಮುಗಿಸುತ್ತಾರೆ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ವೈದ್ಯ ವಿಜ್ಞಾನಿ 1750ರ ದಶಕದಲ್ಲಿ ಈ ಅನಿಲದ ಗುಣಗಳನ್ನು ವಿವೇಚಿಸಿದಂದಿನಿಂದ ಈ ಪರೀಕ್ಷೆ ರಸಾಯನಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದಾಗಿ ಉಳಿದುಬಂದಿದೆ.

ಈ ಲೇಖಕನೂ ಅನೇಕ ವರ್ಷ ಪಾಠವನ್ನು ಅಲ್ಲಿಗೇ ಮುಗಿಸುತ್ತಿದ್ದನು. ಒಮ್ಮೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, “ಇನ್ನೂ ಊದಿದ್ರ ಏನಾಗ್ತೈತ್ರಿ ಸರ್?” ಎಂದು ಕೇಳಿದ. ಗಂಟೆ ಬಾರಿಸಿತ್ತು. “ಆದದ್ದು ಸಾಕು, ಕೂತ್ಕೋ” ಎಂದು ಹೇಳಿ ಪ್ರನಾಳವನ್ನು ತೊಳೆದಿಟ್ಟೆ. ಆ ಪ್ರಶ್ನೆಯಲ್ಲಿ ಪಾಠದ ಉತ್ತರಾರ್ಧವೇ ಅಡಗಿತ್ತೆಂಬುದು ನನಗೆ ಹೊಳೆದದ್ದು ಬಹಳ ತಡವಾಗಿ; ಹವಳಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುವವರು ಬಳಸುವ ‘ಕ್ಯಾಲ್ಸಿಯಂ ರಿಯಾಕ್ಟರ್’ ಎಂಬ ಸಾಧನದ ವಿಷಯವನ್ನು ಅಭ್ಯಾಸ ಮಾಡಿದಾಗ. ಆ ಸಾಧನದ ತತ್ತ್ವ, ಅದನ್ನು ಸ್ಥಾಪಿಸುವ ಕ್ರಮ ಹಾಗೂ ಅದರಿಂದ ನಾವು ಕಲಿಯಬೇಕಾದದ್ದನ್ನು ಹೇಳುವುದು ಪ್ರಕೃತ ಲೇಖನದ ಉದ್ದೇಶ.

1. ಪ್ರಯೋಗದ ಮೂರು ಹಂತಗಳು

ಸುಣ್ಣದ ತಿಳಿ ಬೆಳ್ಳಗಾಗುವುದು ಮೊದಲನೆಯ ಹಂತ. ಅಲ್ಲಿ ಹುಟ್ಟುವ ಬಿಳಿಯ ಪುಡಿ ಕ್ಯಾಲ್ಸಿಯಂ ಕಾರ್ಬನೇಟ್. ಸುಣ್ಣಕಲ್ಲು, ಸೀಮೆಸುಣ್ಣ, ಅಮೃತಶಿಲೆ, ಶಂಖ, ಕಪ್ಪೆಚಿಪ್ಪು, ಹವಳ, ಇವೆಲ್ಲವೂ ಈ ಒಂದೇ ವಸ್ತುವಿನ ನಾನಾ ರೂಪಗಳು. ನಮ್ಮ ಉತ್ತರ ಕರ್ನಾಟಕದ ಪಡಸಾಲೆಗಳಲ್ಲಿ ಹಾಸಿರುವ ಶಹಾಬಾದಿ ಕಲ್ಲು ಕೂಡ ಸುಣ್ಣಕಲ್ಲೇ. ಯುಗಾಂತರಗಳ ಹಿಂದೆ ಭೀಮಾ ತೀರದ ಸೀಮೆಯನ್ನು ಆವರಿಸಿದ್ದ ಸಮುದ್ರದ ತಳದಲ್ಲಿ ಪದರ ಪದರವಾಗಿ ಶೇಖರವಾದದ್ದು.

ಅನಿಲವನ್ನು ಇನ್ನೂ ಹಾಯಿಸುತ್ತ ಹೋದರೆ ಎರಡನೆಯ ಹಂತ ಒದಗುವುದು. ಹಾಲಿನಂತಿದ್ದ ನೀರು ನಿಧಾನವಾಗಿ ಮತ್ತೆ ತಿಳಿಯಾಗುತ್ತದೆ. ಹೆಚ್ಚಿನ ಇಂಗಾಲದ ಡೈಆಕ್ಸೈಡ್ ನೀರಿನೊಡನೆ ಸೇರಿ ದುರ್ಬಲವಾದ ಆಮ್ಲವಾಗಿ, ಕರಗದ ಕಾರ್ಬನೇಟನ್ನು ಕರಗುವ ಬೈಕಾರ್ಬನೇಟನ್ನಾಗಿ ಮಾರ್ಪಡಿಸುವುದೇ ಇದಕ್ಕೆ ಕಾರಣ. ಆ ತಿಳಿನೀರನ್ನು ಕುದಿಸಿದರೆ ಅನಿಲವು ಹೊರಟುಹೋಗಿ ಬಿಳಿಯ ಪುಡಿ ಪುನಃ ಪ್ರತ್ಯಕ್ಷವಾಗುವುದು. ಇದು ಮೂರನೆಯ ಹಂತ. ಕೊಳವೆಬಾವಿಯ ಗಡಸು ನೀರನ್ನು ಕಾಯಿಸುವ ಹಂಡೆಯ ಒಳಮೈಗೆ ಕಲ್ಲಿನಂಥ ಬಿಳಿಯ ಪದರ ಕಟ್ಟುವುದನ್ನು ನಮ್ಮ ತಾಯಂದಿರು ದಿನವೂ ನೋಡುತ್ತಾರೆ. ಅದು ಈ ಮೂರನೆಯ ಹಂತವೇ. ಆಂಧ್ರಪ್ರದೇಶದ ಬೆಲಂ ಗುಹೆಯನ್ನು ನೀರು ಕೊರೆದದ್ದು ಎರಡನೆಯ ಹಂತದಿಂದ. ಅಂಥ ಗುಹೆಗಳ ಛಾವಣಿಯಿಂದ ಕಲ್ಲಿನ ತೊಂಗಲುಗಳು ಇಳಿಬಿದ್ದದ್ದು ಅನಿಲವು ತಾನಾಗಿ ಬಿಟ್ಟುಹೋದಾಗ ನಡೆಯುವ ಮೂರನೆಯ ಹಂತದಿಂದ.

ಇಲ್ಲಿ ಶಿಕ್ಷಕ ಬಂಧುಗಳಿಗೆ ಒಂದು ಸೂಚನೆ. ಎರಡನೆಯ ಹಂತ ತರಗತಿಯಲ್ಲಿ ಅನೇಕ ವೇಳೆ ವಿಫಲವಾಗುವುದಕ್ಕೆ ಕಾರಣ ತಿಳಿಯು ತೀರ ಗಟ್ಟಿಯಾಗಿರುವುದು. ಉಸಿರಿನಲ್ಲಿ ಈ ಅನಿಲ ನೂರಕ್ಕೆ ಸುಮಾರು ನಾಲ್ಕು ಪಾಲು ಮಾತ್ರ ಇರುವುದರಿಂದ ಬರಿಯ ಊದುವಿಕೆಯಿಂದ ಕೆಲಸ ಸಾಗದು. ಒಂದು ಪಾಲು ಸುಣ್ಣದ ತಿಳಿಗೆ ನಾಲ್ಕು ಪಾಲು ಬಟ್ಟಿ ಇಳಿಸಿದ ನೀರನ್ನು ಬೆರೆಸಿ, ಅಮೃತಶಿಲೆಯ ಚೂರಿಗೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಪಡೆದ ಅನಿಲವನ್ನು ಒಮ್ಮೆ ನೀರಿನಲ್ಲಿ ತೊಳೆದು ಹಾಯಿಸಬೇಕು. ಹಾಗೆ ಮಾಡಿದರೆ ಬಿಳುಪು ಬರುವುದನ್ನೂ ಹೋಗುವುದನ್ನೂ, ಕುದಿಸಿದಾಗ ಮರಳುವುದನ್ನೂ ಮಕ್ಕಳು ಒಂದೇ ಅವಧಿಯಲ್ಲಿ ಕಾಣಬಹುದು.

2. ಹವಳವೆಂಬ ಶಿಲ್ಪಿ

ಹವಳವು ಗಿಡವೂ ಅಲ್ಲ, ಕಲ್ಲೂ ಅಲ್ಲ. ಅದೊಂದು ಪುಟ್ಟ ಪ್ರಾಣಿಗಳ ಸಮೂಹ. ದಿಬ್ಬ ಕಟ್ಟುವ ಹವಳದ ಮೃದುವಾದ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಅವು ಬಿಸಿಲಿನಿಂದ ಆಹಾರ ತಯಾರಿಸಿ ತಮಗೆ ಮನೆಕೊಟ್ಟ ಪ್ರಾಣಿಗೂ ಹಂಚುತ್ತವೆ. ಆ ಶಕ್ತಿಯಿಂದ ಹವಳವು ಕಡಲ ನೀರಿನ ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟುಗಳನ್ನು ಹೀರಿ ತನ್ನ ಕಾಲಡಿಯಲ್ಲಿ ಅರಾಗೊನೈಟ್ ಎಂಬ ರೂಪದ ಕ್ಯಾಲ್ಸಿಯಂ ಕಾರ್ಬನೇಟನ್ನು ಕಟ್ಟುತ್ತದೆ. ಹಂಡೆಯಲ್ಲಿ ಬೆಂಕಿ ಮಾಡುವ ಕೆಲಸವನ್ನು ಹವಳ ಬೆಂಕಿಯಿಲ್ಲದೆ ಮಾಡುತ್ತದೆ ಎನ್ನಬಹುದು. ಹೀಗೆ ಕಟ್ಟಿದ ದಿಬ್ಬಗಳ ಮೇಲೆಯೇ ಲಕ್ಷದ್ವೀಪದ ನೆಲ ನಿಂತಿದೆ. ಮನ್ನಾರ್ ಕೊಲ್ಲಿ, ಕಛ್ ಕೊಲ್ಲಿ, ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಲ್ಲಿ ಹವಳದ ದಿಬ್ಬಗಳಿವೆ. ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳು ಕಂಡುಬರುತ್ತವೆ.

ಒಂದು ಲೀಟರ್ ಕಡಲ ನೀರಿನಲ್ಲಿ ಕ್ಯಾಲ್ಸಿಯಂ ಸುಮಾರು 410ರಿಂದ 420 ಮಿಲಿಗ್ರಾಂ ಇರುವುದು. ಬೈಕಾರ್ಬನೇಟ್ ಮುಂತಾದವುಗಳಿಂದ ಬರುವ ಕ್ಷಾರತೆಯನ್ನು ಜರ್ಮನ್ ಡಿಗ್ರಿಗಳಲ್ಲಿ ಅಳೆಯುವುದು ತೊಟ್ಟಿ ಸಾಕುವವರ ರೂಢಿ. ಕಡಲ ನೀರಿನಲ್ಲಿ ಅದು ಸುಮಾರು 7 ಡಿಗ್ರಿ. ಸಾಗರಕ್ಕೆ ಕೊರತೆಯಿಲ್ಲ. ಆದರೆ ನಾಲ್ಕು ಗಾಜಿನ ಗೋಡೆಗಳ ನಡುವಿನ ನೀರಿಗೆ ಯಾವ ನದಿಯೂ ಬಂದು ಸೇರುವುದಿಲ್ಲ. ಹವಳಗಳು ಬೆಳೆದಷ್ಟೂ ನೀರು ಬಡವಾಗುತ್ತ ಹೋಗುವುದು.

ಈ ಬಡತನದಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಹವಳವು ಲೀಟರಿಗೆ 20 ಮಿಲಿಗ್ರಾಂ ಕ್ಯಾಲ್ಸಿಯಂ ತೆಗೆದುಕೊಂಡಾಗ ಕ್ಷಾರತೆ 2.8 ಡಿಗ್ರಿಯಷ್ಟು ಇಳಿಯುತ್ತದೆ. 410ರಲ್ಲಿ 20 ಹೋದರೆ ಕಣ್ಣಿಗೆ ಬೀಳದು, 7ರಲ್ಲಿ 2.8 ಹೋದರೆ ಐದರಲ್ಲಿ ಎರಡು ಪಾಲು ಹೋದಂತೆ. ಆದಕಾರಣ ಸಾಧನದ ಹೆಸರಿನಲ್ಲಿ ಕ್ಯಾಲ್ಸಿಯಂ ಇದ್ದರೂ ಅದನ್ನು ನಡೆಸುವವನು ದಿನವೂ ಅಳೆಯಬೇಕಾದದ್ದು ಕ್ಷಾರತೆಯನ್ನು. ಕಣಜದಲ್ಲಿ ಜೋಳ ತುಂಬಿದ್ದರೂ ಮನೆಯಲ್ಲಿ ಉಪ್ಪು ತೀರಿದರೆ ಊಟ ಕೆಡುವಂತೆ, ಮೊದಲು ತೀರುವ ವಸ್ತುವೇ ಬೆಳವಣಿಗೆಯ ಮಿತಿಯನ್ನು ನಿರ್ಧರಿಸುತ್ತದೆ.

3. ಸಾಧನದ ರಚನೆ

ಹವಳ ಸಾಕುವ ವಿದ್ಯೆಯಲ್ಲಿ ಜರ್ಮನ್ ಭಾಷಿಕರ ಪಾತ್ರ ಹಿರಿದು. ಆವಿಯಾದ ನೀರಿಗೆ ಬದಲಾಗಿ ಸುಣ್ಣದ ತಿಳಿಯನ್ನೇ ತೊಟ್ಟಿಗೆ ಹನಿಸುವ ಪದ್ಧತಿಯನ್ನು ಅವರು ಮೊದಲು ರೂಢಿಗೆ ತಂದರು. ಅವರ ನುಡಿಯಲ್ಲಿ ಅದಕ್ಕೆ ‘ಕಾಲ್ಕ್‌ವಾಸರ್’ ಎಂಬ ಹೆಸರು. ಸುಣ್ಣದ ನೀರು ಎಂದೇ ಅದರ ಅರ್ಥ. ಆದರೆ ಆವಿಯಾಗುವಷ್ಟೇ ನೀರನ್ನು ಹಾಕಬಹುದಾದ್ದರಿಂದ ಹವಳಗಳು ಹೆಚ್ಚಿದಾಗ ಅದು ಸಾಲದಾಯಿತು. ಆ ಕೊರತೆಯನ್ನು ತುಂಬಲು 1990ರ ದಶಕದಲ್ಲಿ ಬಳಕೆಗೆ ಬಂದದ್ದು ಕ್ಯಾಲ್ಸಿಯಂ ರಿಯಾಕ್ಟರ್.

ಹವಳದ ಕಲ್ಲಿನ ಚೂರುಗಳನ್ನು ತೊಟ್ಟಿಯಲ್ಲಿಯೇ ಹಾಕಿದರೆ ಕರಗಲಾರವೇ ಎಂದು ಕೇಳಬಹುದು. ಕರಗಲಾರವು. ಕಡಲ ನೀರಿನ ಪಿಎಚ್ 8ಕ್ಕಿಂತ ಮೇಲಿದ್ದು, ಆ ನೀರು ಈ ವಸ್ತುವಿನಿಂದ ಮೊದಲೇ ತುಂಬಿ ತುಳುಕುವಂತಿರುವುದು. ಕರಗಬೇಕಾದರೆ ಆಮ್ಲೀಯ ನೀರು ಬೇಕು. ಆದರೆ ತೊಟ್ಟಿಯ ನೀರು ಆಮ್ಲೀಯವಾದರೆ ಜೀವಿಗಳು ಉಳಿಯವು. ಈ ತೊಡಕಿಗೆ ಪರಿಹಾರವೆಂದರೆ, ಕರಗಿಸುವ ಕೆಲಸವನ್ನು ಬೇರೊಂದು ಮುಚ್ಚಿದ ಪಾತ್ರೆಯಲ್ಲಿ ನಡೆಸಿ, ಫಲವನ್ನು ಮಾತ್ರ ತೊಟ್ಟಿಗೆ ಹನಿಹನಿಯಾಗಿ ಒಪ್ಪಿಸುವುದು.

ಅದರ ಅಂಗಗಳು ಇಷ್ಟು. ಒಂದು, ಗಾಳಿಯಾಡದ ನಿಲುವಾದ ಪ್ಲಾಸ್ಟಿಕ್ ಕೊಳಗ. ಅದರೊಳಗೆ ಹವಳದ ಕಲ್ಲಿನ ಚೂರುಗಳು. ಎರಡು, ಕೊಳಗದ ನೀರನ್ನು ಚೂರುಗಳ ಸಂದಿನಲ್ಲಿ ಸದಾ ಸುತ್ತಿಸುವ ಪಂಪು. ಮೂರು, ಇಂಗಾಲದ ಡೈಆಕ್ಸೈಡ್ ತುಂಬಿದ ಸಿಲಿಂಡರ್, ಅದಕ್ಕೆ ಒತ್ತಡ ನಿಯಂತ್ರಕ ಮತ್ತು ಅತಿ ಸೂಕ್ಷ್ಮವಾಗಿ ತಿರುಗಿಸಬಹುದಾದ ಸೂಜಿ ಕವಾಟ. ನಾಲ್ಕು, ಹೋಗುವ ಗುಳ್ಳೆಗಳನ್ನು ಎಣಿಸಲು ನೀರು ತುಂಬಿದ ಚಿಕ್ಕ ನಳಿಗೆ. ಐದು, ಕೊಳಗದೊಳಗಿನ ಪಿಎಚ್ ಅಳೆಯುವ ಕಡ್ಡಿ ಮತ್ತು ಪಿಎಚ್ ಮಿತಿಗಿಂತ ಕೆಳಗಿಳಿದಾಗ ಅನಿಲವನ್ನು ತಡೆಯುವ ವಿದ್ಯುತ್ ಕವಾಟ. ಉತ್ತಮ ರಚನೆಯಲ್ಲಿ ಎರಡನೆಯ ಕೊಳಗವೊಂದಿರುವುದು. ಮೊದಲ ಕೊಳಗದಿಂದ ಬಂದ ನೀರಿನಲ್ಲಿ ಉಳಿದ ಅನಿಲ ಅಲ್ಲಿ ಇನ್ನಷ್ಟು ಚೂರನ್ನು ಕರಗಿಸಿ ತಾನು ಕಡಿಮೆಯಾಗುವುದು.

4. ಸ್ಥಾಪಿಸುವ ಕ್ರಮ

ಮೊದಲನೆಯದಾಗಿ, ತೊಟ್ಟಿಯ ಕ್ಷಾರತೆ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ಸೂಕ್ತ ಲವಣಗಳಿಂದ ಯೋಗ್ಯ ಮಟ್ಟಕ್ಕೆ ತರತಕ್ಕದ್ದು. ಈ ಸಾಧನ ಇರುವುದನ್ನು ಕಾಪಾಡುತ್ತದೆಯೇ ಹೊರತು ಕೆಟ್ಟದ್ದನ್ನು ತಿದ್ದುವುದಿಲ್ಲ. ಅನಂತರ ಕೆಲವು ದಿನ ಏನನ್ನೂ ಸೇರಿಸದೆ, ಪ್ರತಿದಿನ ಒಂದೇ ಹೊತ್ತಿಗೆ ಕ್ಷಾರತೆಯನ್ನು ಅಳೆದು, ದಿನಕ್ಕೆ ಎಷ್ಟು ಇಳಿಯುತ್ತದೆಂದು ಗುರುತಿಸಿಕೊಳ್ಳಬೇಕು. ಆ ಅಂಕಿಯೇ ಮುಂದಿನ ಎಲ್ಲ ಲೆಕ್ಕಕ್ಕೂ ತಳಹದಿ.

ಎರಡನೆಯದಾಗಿ, ಚೂರುಗಳನ್ನು ಶುದ್ಧ ನೀರಿನಲ್ಲಿ ಪುಡಿ ಹೋಗುವವರೆಗೆ ತೊಳೆದು ಕೊಳಗಕ್ಕೆ ತುಂಬಬೇಕು. ತೀರ ಸಣ್ಣವಾದರೆ ನೀರಿನ ಹಾದಿ ಕಟ್ಟುವುದು. ಮೂರನೆಯದಾಗಿ, ತೊಟ್ಟಿಯ ನೀರನ್ನೇ ತುಂಬಿ, ಸಿಕ್ಕಿಕೊಂಡ ಗಾಳಿಯನ್ನು ಹೊರಬಿಟ್ಟು, ಅನಿಲವಿಲ್ಲದೆ ಪಂಪನ್ನು ಒಂದು ದಿನ ಓಡಿಸಿ, ಎಲ್ಲಿಯೂ ಸೋರುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ನಾಲ್ಕನೆಯದಾಗಿ, ಹೊರಬೀಳುವ ನೀರಿನ ಪ್ರಮಾಣವನ್ನು ಅಳತೆಯ ಜಾಡಿ ಮತ್ತು ಗಡಿಯಾರದಿಂದ ನಿಷ್ಕರ್ಷಿಸಬೇಕು. ಐದನೆಯದಾಗಿ ಮಾತ್ರ ಅನಿಲದ ಸರದಿ. ನಿಮಿಷಕ್ಕೆ ಹದಿನೈದಿಪ್ಪತ್ತು ಗುಳ್ಳೆಗಳಿಂದ ಆರಂಭಿಸಿ, ಕೊಳಗದೊಳಗಿನ ಪಿಎಚ್ 6.5ರಿಂದ 6.8ರ ನಡುವೆ ನೆಲೆಗೊಳ್ಳುವವರೆಗೆ ನಿಧಾನವಾಗಿ ಹೆಚ್ಚಿಸತಕ್ಕದ್ದು. ಒಂದು ದಿನಕ್ಕೆ ಒಂದೇ ಬದಲಾವಣೆ ಎಂಬುದು ಇಲ್ಲಿಯ ಸುವರ್ಣಸೂತ್ರ. ನೀರನ್ನೂ ಅನಿಲವನ್ನೂ ಒಟ್ಟಿಗೆ ತಿರುಗಿಸಿದವನಿಗೆ ಪರಿಣಾಮ ಯಾವುದರದೆಂದು ತಿಳಿಯದು.

ಲೆಕ್ಕದ ಒಂದು ನಿದರ್ಶನವನ್ನು ನೋಡೋಣ. 400 ಲೀಟರ್ ತೊಟ್ಟಿಯೊಂದರಲ್ಲಿ ಕ್ಷಾರತೆಯನ್ನು 8 ಡಿಗ್ರಿಗೆ ನಿಲ್ಲಿಸಲಾಗಿದೆ. ಹವಳಗಳು ದಿನಕ್ಕೆ 1 ಡಿಗ್ರಿ ಬಳಸುತ್ತವೆ ಎನ್ನೋಣ. ಅಂದರೆ ದಿನಕ್ಕೆ ಸುಮಾರು 7 ಗ್ರಾಂ ಕ್ಯಾಲ್ಸಿಯಂ ಕಾರ್ಬನೇಟ್ ಹವಳದ ಮೈಸೇರುತ್ತಿದೆ. ಕೊಳಗದಿಂದ ಬರುವ ನೀರಿನ ಕ್ಷಾರತೆ 28 ಡಿಗ್ರಿಯಾದರೆ ಅದರ ಪ್ರತಿ ಲೀಟರ್ ತೊಟ್ಟಿಗಿಂತ 20 ಡಿಗ್ರಿ ಹೆಚ್ಚನ್ನು ಹೊತ್ತು ತರುವುದು. 400ನ್ನು 20ರಿಂದ ಭಾಗಿಸಿದರೆ ದಿನಕ್ಕೆ 20 ಲೀಟರ್, ಅಂದರೆ ನಿಮಿಷಕ್ಕೆ ಸುಮಾರು 14 ಮಿಲಿಲೀಟರ್ ಹನಿಸಬೇಕೆಂದಾಯಿತು. ಕೊಳಗದಲ್ಲಿ 5 ಕಿಲೋಗ್ರಾಂ ಚೂರು ಇದ್ದರೆ ಲೆಕ್ಕದ ಮಟ್ಟಿಗೆ 700 ದಿನಗಳಿಗೆ ಸಾಕು. ಆದರೆ ಅರ್ಧ ಕರಗುವಷ್ಟರಲ್ಲಿ ಮತ್ತೆ ತುಂಬುವುದು ಲೇಸು. ಏಳನೆಯ ತರಗತಿಯ ಭಾಗಾಕಾರ ಬಲ್ಲವನು ಈ ಸಾಧನವನ್ನು ನಡೆಸಬಲ್ಲನು. ಅದನ್ನು ಬಿಟ್ಟು ಅಂದಾಜಿನಿಂದ ನಡೆಸಿದವನು, ಎಷ್ಟೇ ಬೆಲೆಯ ಉಪಕರಣ ತಂದರೂ, ಹವಳವನ್ನು ಕಳೆದುಕೊಳ್ಳುವನು.

5. ಎಡವುವ ತಾಣಗಳು

ಅನಿಲ ಹೆಚ್ಚಾಗಿ ಕೊಳಗದ ಪಿಎಚ್ 6ರ ಸಮೀಪಕ್ಕೆ ಇಳಿದರೆ ಚೂರುಗಳು ಕರಗುವ ಬದಲು ಕೆಸರಾಗಿ ನೀರಿನ ಹಾದಿಯನ್ನು ಮುಚ್ಚುವವು. ಪಿಎಚ್ ಕಡ್ಡಿಯನ್ನು ಆಗಾಗ ಪಿಎಚ್ 4 ಮತ್ತು 7ರ ಪ್ರಮಾಣದ್ರಾವಣಗಳಲ್ಲಿ ಪರೀಕ್ಷಿಸದಿದ್ದರೆ ಅದು ಸುಳ್ಳು ಹೇಳುವುದು. ಕವಾಟವು ಆ ಸುಳ್ಳನ್ನೇ ನಂಬಿ ನಡೆಯುವುದು. ಸಿಲಿಂಡರಿನಲ್ಲಿ ಅನಿಲವು ದ್ರವರೂಪದಲ್ಲಿರುವುದರಿಂದ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಒತ್ತಡ ಸುಮಾರು 57 ಬಾರ್. ದ್ರವ ತೀರುವವರೆಗೂ ಮಾಪಕದ ಮುಳ್ಳು ಅಲುಗದು. ತೀರಿದೊಡನೆ ಒಮ್ಮೆಲೇ ಬೀಳುವುದು. ಕೆಲವು ನಿಯಂತ್ರಕಗಳು ಆ ಕೊನೆಯ ಗಳಿಗೆಯಲ್ಲಿ ಉಳಿದ ಅನಿಲವನ್ನೆಲ್ಲ ಒಟ್ಟಿಗೆ ಬಿಟ್ಟು ಅನರ್ಥ ಮಾಡುವುದುಂಟು. ಆದುದರಿಂದ ಮುಳ್ಳನ್ನು ನಂಬದೆ ಸಿಲಿಂಡರನ್ನು ತೂಗಿ ನೋಡಬೇಕು, ಅದನ್ನು ಸದಾ ನೆಟ್ಟಗೆ ಕಟ್ಟಿ ನಿಲ್ಲಿಸಬೇಕು, ಕೋಣೆಗೆ ಗಾಳಿಯಾಡುವಂತಿರಬೇಕು.

ಕೊನೆಯದಾಗಿ, ಕೊಳಗದಿಂದ ಬರುವ ನೀರು ಪೋಷಕವಾದರೂ ಆಮ್ಲೀಯ. ಸಸ್ಯಾಂಶಗಳು ಬೆಳಕಿಲ್ಲದೆ ಉಸಿರಾಡುವ ರಾತ್ರಿಯ ವೇಳೆ ತೊಟ್ಟಿಯ ಪಿಎಚ್ ಮೊದಲೇ ಕಡಿಮೆಯಾಗಿರುತ್ತದೆ. ಈ ನೀರು ಅದನ್ನು ಇನ್ನಷ್ಟು ಇಳಿಸುವುದು. ಇದಕ್ಕೆ ಬಲ್ಲವರು ಮಾಡುವ ಉಪಾಯ ಸೊಗಸಾದದ್ದು. ರಾತ್ರಿಯ ಹೊತ್ತು ಅವರು ಸುಣ್ಣದ ತಿಳಿಯನ್ನು ಮೆಲ್ಲನೆ ಹನಿಸುತ್ತಾರೆ. ತಿಳಿಯು ಹೆಚ್ಚಾದ ಅನಿಲವನ್ನು ಹಿಡಿದು ತಾನೂ ಕ್ಷಾರತೆಯನ್ನು ಕೂಡಿಸುವುದು. ಪ್ರಯೋಗದ ಪೂರ್ವಾರ್ಧವು ಉತ್ತರಾರ್ಧದ ದೋಷವನ್ನು ಹೀಗೆ ತಿದ್ದುತ್ತದೆ.

6. ಇದೆಲ್ಲ ಯಾರಿಗಾಗಿ?

ಇದನ್ನೋದಿ ಮನೆಯಲ್ಲಿ ಹವಳದ ತೊಟ್ಟಿ ಇಡುವ ಆಸೆ ಯಾರಿಗಾದರೂ ಹುಟ್ಟಿದರೆ ಒಂದು ಎಚ್ಚರಿಕೆ. ದಿಬ್ಬ ಕಟ್ಟುವ ಕಲ್ಲುಹವಳಗಳನ್ನು ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಸೇರಿಸಲಾಗಿದೆ. ನಮ್ಮ ಕಡಲಿನಿಂದ ಅವನ್ನು ಒಡೆದು ತರುವುದೂ ಮಾರುವುದೂ ಅಪರಾಧ. ಮನ್ನಾರ್ ಕೊಲ್ಲಿಯಲ್ಲಿ ಹವಳವನ್ನು ಕಿತ್ತು ಸುಣ್ಣಕ್ಕಾಗಿ ಸುಟ್ಟ ಕಾಲವೊಂದಿತ್ತು. ಅದರ ಗಾಯ ಇನ್ನೂ ಮಾದಿಲ್ಲ. ನೇತ್ರಾಣಿಯ ಹವಳವನ್ನು ನೇತ್ರಾಣಿಯಲ್ಲಿಯೇ ನೋಡಿ ಬರುವುದು ಸಜ್ಜನರ ಮಾರ್ಗ.

ಹಾಗಾದರೆ ಈ ವಿದ್ಯೆಯ ಪ್ರಯೋಜನವೇನು? ಅಮೆರಿಕದ ಫ್ಲಾರಿಡಾ ತೀರದಲ್ಲಿ 2014ರಲ್ಲಿ ಕಾಣಿಸಿಕೊಂಡ ರೋಗವೊಂದು ಕಲ್ಲುಹವಳಗಳ ಅಂಗಾಂಶವನ್ನೇ ಕಳಚುತ್ತ ಹಬ್ಬಿದಾಗ, ರೋಗ ತಗಲದ ಹವಳಗಳನ್ನು ಎತ್ತಿ ತಂದು ಆ ದೇಶದ ಹಲವಾರು ಸಾರ್ವಜನಿಕ ಮತ್ಸ್ಯಾಲಯಗಳಲ್ಲಿ ಕಾಪಿಡಲಾಯಿತು. 2023ರ ಬೇಸಿಗೆಯಲ್ಲಿ ಅಲ್ಲಿನ ಕಡಲು ಮಿತಿಮೀರಿ ಕಾದಾಗ ನೀರೊಳಗಿನ ಹವಳದ ಸಸಿಮಡಿಗಳನ್ನು ದಡದ ತೊಟ್ಟಿಗಳಿಗೆ ಸಾಗಿಸಬೇಕಾಯಿತು. ಕಡಲು ಕೈಬಿಟ್ಟ ಜೀವಿ ತೊಟ್ಟಿಯಲ್ಲಿ ಬದುಕಬೇಕಾದರೆ ಅದಕ್ಕೆ ಕ್ಯಾಲ್ಸಿಯಂ ಮತ್ತು ಕ್ಷಾರತೆಯನ್ನು ದಿನವೂ ತಪ್ಪದೆ ಒದಗಿಸುವ ಕೈಗಳು ಬೇಕು. ಹವ್ಯಾಸಿಗಳು ದಶಕಗಳ ಕಾಲ ಕಲಿತ ವಿದ್ಯೆ ಅಂಥ ಸಂಕಟದಲ್ಲಿ ಒದಗಿಬಂದಿತು. ನಮ್ಮ ಲಕ್ಷದ್ವೀಪದ ಹವಳಗಳೂ 1998, 2010, 2016 ಮತ್ತು 2024ರಲ್ಲಿ ಕಡಲ ಬಿಸಿಗೆ ಬಿಳಿಚಿಕೊಂಡವು. ಮೈಯೊಳಗಿನ ಪಾಚಿಗಳನ್ನು ಕಳೆದುಕೊಂಡು ಹಸಿವಿನಿಂದ ಸಾಯುವ ಸ್ಥಿತಿಗೆ ‘ಬಿಳಿಚುವಿಕೆ’ ಎಂದು ಹೆಸರು.

ಬಿಸಿ ಒಂದೇ ಅಲ್ಲ. ನಮ್ಮ ಪ್ರನಾಳದ ಪಾಠವೂ ಅಲ್ಲಿ ಮರುಕಳಿಸುತ್ತಿದೆ. ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲು ಇದ್ದ ಇಂಗಾಲದ ಡೈಆಕ್ಸೈಡ್ 2024ರಲ್ಲಿ 420 ಪಾಲನ್ನು ಮೀರಿತ್ತು. ನಾವು ಹೊಗೆಯಾಗಿ ಬಿಟ್ಟದ್ದರಲ್ಲಿ ಸುಮಾರು ಕಾಲುಭಾಗವನ್ನು ಸಾಗರ ಹೀರಿಕೊಂಡಿದೆ. ಅದರ ಮೇಲ್ನೀರಿನ ಪಿಎಚ್ 8.2ರಿಂದ 8.1ರ ಸನಿಹಕ್ಕೆ ಇಳಿದಿದೆ. ಅಂಕಿ ಅಲ್ಪವೆಂದು ತೋರಬಹುದು; ಆದರೆ ಪಿಎಚ್ ಮಾನದ ಸ್ವಭಾವದಿಂದಾಗಿ ಆಮ್ಲಕಾರಕ ಅಯಾನುಗಳು ನೂರಕ್ಕೆ ಇಪ್ಪತ್ತೈದಕ್ಕೂ ಹೆಚ್ಚು ಏರಿದಂತಾಯಿತು. ಉಷ್ಣವಲಯದ ಕಡಲು ಹವಳವನ್ನು ನೇರವಾಗಿ ಕರಗಿಸುವ ಮಟ್ಟಕ್ಕೆ ಇಂದು ಹೋಗಿಲ್ಲ. ಆದರೆ ಕಟ್ಟುವವನಿಗೆ ಕಲ್ಲು ದುಬಾರಿಯಾಗುತ್ತಿದೆ. ಮುಚ್ಚಿದ ಕೊಳಗದಲ್ಲಿ ನಾವು ಬೇಕೆಂದು, ಅಳೆದು, ಕವಾಟವಿಟ್ಟು ಮಾಡುವ ಕೆಲಸವನ್ನು ತೆರೆದ ಸಾಗರದಲ್ಲಿ ಅಳತೆಯಿಲ್ಲದೆ, ಕವಾಟವಿಲ್ಲದೆ ಮಾಡುತ್ತಿದ್ದೇವೆ.

7. ಉಪಸಂಹಾರ

ತೆಗೆದುಕೊಂಡಷ್ಟನ್ನು ತಿರುಗಿ ಕೊಡುವುದು, ಕೊಡುವಾಗ ಹದವರಿತು ಕೊಡುವುದು, ದಿನ ತಪ್ಪಿಸದೆ ಕೊಡುವುದು: ಕ್ಯಾಲ್ಸಿಯಂ ರಿಯಾಕ್ಟರಿನ ಧರ್ಮ ಇಷ್ಟೇ. ಕಾಯಕ ಮತ್ತು ದಾಸೋಹಗಳ ನೆರಳಿನಲ್ಲಿ ಬೆಳೆದ ನಮ್ಮ ಸಂಸ್ಥೆಗೆ ಇದು ಹೊಸ ಮಾತಲ್ಲ. ಮಠದ ಪಂಕ್ತಿಯಲ್ಲಿ ಉಂಡು ಓದಿದವರು ಇಂದು ಸಂಸ್ಥೆಗೆ ನೆರವಾಗಿ ನಿಲ್ಲುವಾಗ ನಡೆಯುವುದೂ ಅದೇ ಸಮತೋಲನ. ಒಮ್ಮೆಲೇ ಸುರಿದ ದಾನಕ್ಕಿಂತ ಹನಿ ತಪ್ಪದ ನೆರವು ಸಂಸ್ಥೆಯನ್ನು ಹೆಚ್ಚು ಕಾಲ ಬದುಕಿಸುತ್ತದೆಂಬುದನ್ನು ದಾನಿಗಳು ನಮಗಿಂತ ಚೆನ್ನಾಗಿ ಬಲ್ಲರು.

ಶಿಕ್ಷಕ ಮಿತ್ರರಲ್ಲಿ ನನ್ನದೊಂದೇ ಬಿನ್ನಹ. ಸುಣ್ಣದ ತಿಳಿ ಬೆಳ್ಳಗಾದೊಡನೆ ಪ್ರನಾಳವನ್ನು ತೊಳೆಯಬೇಡಿ. ಮತ್ತೆ ತಿಳಿಯಾಗುವವರೆಗೆ ಕಾಯಿರಿ. ಕುದಿಸಿ, ಮತ್ತೆ ಬೆಳ್ಳಗಾಗುವುದನ್ನೂ ತೋರಿಸಿ. ಅಷ್ಟರಲ್ಲಿ ಗಂಟೆ ಬಾರಿಸಬಹುದು, ಬಾರಿಸಲಿ. ಹಿಂದಿನ ಸಾಲಿನಲ್ಲಿ ಎದ್ದು ನಿಂತ ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಲಿ. ನಾನು ಕೂರಿಸಿದ ಆ ಹುಡುಗ ಇಂದು ಎಲ್ಲಿರುವನೋ ತಿಳಿಯದು. ಹಳೆಯ ವಿದ್ಯಾರ್ಥಿಗಳ ಕೈಸೇರುವ ಈ ಸಂಚಿಕೆ ಅವನ ಕೈಯನ್ನೂ ಸೇರಿದರೆ, ಅವನು ಕೇಳಿದ್ದು ಸರಿಯಾದ ಪ್ರಶ್ನೆಯೆಂದೂ, ಅದರ ಉತ್ತರ ಇದೆಂದೂ ತಿಳಿದುಕೊಳ್ಳಲಿ.